ಪ್ರತಿನಿಧಿಯ ಅಭಿಮತವೂ ಮತದಾರರ ತಿಳಿವಳಿಕೆಯೂ: ಬ್ರಿಸ್ಟಲ್ ನಗರದ ಒಂದು ನಿದರ್ಶನ

‘ಪ್ರತಿನಿಧಿ’ ಎಂಬ ಶಬ್ದವು ಈಗ ನಮ್ಮ ನಾಡಿನಲ್ಲಿ ಅಕ್ಷರ ಬಾರದವರಿಗೂ ಪರಿಚಿತವಾಗಿದೆ. ೧೮೮೧ನೆಯ ಇಸವಿಯಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಸಭೆಗೆ ‘ಪ್ರಜಾಪ್ರತಿನಿಧಿ ಸಭೆ’ ಎಂಬ ಹೆಸರು ಬಂದು, ಆ ಹೆಸರಿನ ಮೂಲಕ ಈ ಮಾತು ನಮ್ಮ ರಾಜಕೀಯ ಪರಿಭಾಷೆಯಲ್ಲಿ ಬೇರೂರಿತು. ಆದರೆ ಪಾಠಶಾಲೆಗಳಲ್ಲಿ ಓದಿದವರು ಈ ಶಬ್ದವನ್ನು ಮೊದಲು ಕೇಳುವುದು ಬೇರೊಂದು ಪ್ರಸಂಗದಲ್ಲಿ. ಜೈಮಿನಿಯ ಮೀಮಾಂಸಾಸೂತ್ರಗಳ ಆರನೆಯ ಅಧ್ಯಾಯದಲ್ಲಿ ಪ್ರತಿನಿಧಿವಿಚಾರವು ಬರುತ್ತದೆ. ಯಾಗಕ್ಕೆ ವಿಹಿತವಾದ ವ್ರೀಹಿ, ಎಂದರೆ ಬತ್ತ, ನಷ್ಟವಾಯಿತೆಂದುಕೊಳ್ಳೋಣ. ಆರಂಭಿಸಿದ ಕರ್ಮವನ್ನು ನಡುವೆ ಬಿಡಲಾಗದು. ಆಗ ವ್ರೀಹಿಯನ್ನು ಹೋಲುವ ನೀವಾರವನ್ನು, ಎಂದರೆ ಕಾಡುಬತ್ತವನ್ನು, ಪ್ರತಿನಿಧಿಯಾಗಿ ತರಬಹುದು. ಸಾದೃಶ್ಯವೇ ಇಲ್ಲಿ ಪ್ರಮಾಣ. ನೀವಾರವನ್ನು ನೀವಾರವೆಂದು ಭಾವಿಸಿ ಹೋಮಮಾಡುವುದಲ್ಲ. ಅದರಲ್ಲಿರುವ ವ್ರೀಹಿಯ ಅವಯವಗಳನ್ನು ಉದ್ದೇಶಿಸಿ ಮಾಡುವುದು. ಆದುದರಿಂದಲೇ ದ್ರವ್ಯವು ನೀವಾರವಾದರೂ ಮಂತ್ರದಲ್ಲಿ ವ್ರೀಹಿಶಬ್ದವು ಬದಲಾಗುವುದಿಲ್ಲ. ಕೈಯಲ್ಲಿರುವುದು ಒಂದು, ನಾಲಗೆಯಲ್ಲಿರುವುದು ಇನ್ನೊಂದು.

ಈ ಶಾಸ್ತ್ರವಿಚಾರವನ್ನು ಇಲ್ಲಿ ಎತ್ತಿದುದು ಪಾಂಡಿತ್ಯಪ್ರದರ್ಶನಕ್ಕಲ್ಲ. ಚುನಾಯಿತನಾದ ಪ್ರತಿನಿಧಿಯು ಒಂದೊಂದು ವಿಷಯದಲ್ಲಿ ಯಾವ ಪಕ್ಷವನ್ನು ಹಿಡಿದಿದ್ದಾನೆಂಬುದನ್ನು ಅವನನ್ನು ಆರಿಸಿದವರು ಹೇಗೆ ತಿಳಿದುಕೊಳ್ಳುತ್ತಾರೆ ಎಂಬ ಪ್ರಶ್ನೆಯನ್ನು ಇತಿಹಾಸದಲ್ಲಿ ಪರಿಶೀಲಿಸುತ್ತ ಹೋದಾಗ, ಮೀಮಾಂಸಕರ ಈ ನೀವಾರವು ಮತ್ತೆ ಮತ್ತೆ ನನ್ನ ನೆನಪಿಗೆ ಬಂದಿತು. ಮತದಾರನು ಪ್ರತಿನಿಧಿಯ ನಿಜವಾದ ಅಭಿಮತವನ್ನು ಕಂಡು ತಿಳಿಯುವುದು ಅಪೂರ್ವ. ತನ್ನವನೆಂದು ತೋರಿದವನಲ್ಲಿ ತನ್ನ ಅಭಿಮತವನ್ನೇ ಇಟ್ಟು ನೋಡುತ್ತಾನೆ. ಪರಕೀಯನೆಂದು ತೋರಿದವನಲ್ಲಿ ತನಗೆ ಬೇಡವಾದುದನ್ನೆಲ್ಲ ಆರೋಪಿಸುತ್ತಾನೆ. ಇದು ನಾನು ಮುಂದಿಡಲಿರುವ ಪಕ್ಷ.

ಉತ್ತರಮೇರೂರಿನ ಶಾಸನಗಳಿರುವಾಗ ದೂರದೇಶಕ್ಕೆ ಹೋಗಬೇಕೆ ಎಂದು ಕೆಲವರು ಕೇಳಬಹುದು. ಚೋಳ ಪರಾಂತಕನ ಕಾಲದ, ಎಂದರೆ ಹತ್ತನೆಯ ಶತಮಾನದ ಆರಂಭದ, ಆ ಶಾಸನಗಳು ಅಮೂಲ್ಯವಾದುವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅಲ್ಲಿ ನಡೆಯುತ್ತಿದ್ದುದು ಮತದಾನವಲ್ಲ. ವಯಸ್ಸು, ಭೂಮಿ, ವಿದ್ಯೆ, ಶುದ್ಧವಾದ ಲೆಕ್ಕಪತ್ರ ಇವುಗಳ ಅರ್ಹತೆಯುಳ್ಳವರ ಹೆಸರುಗಳನ್ನು ಓಲೆಯಲ್ಲಿ ಬರೆದು ಕೊಡದಲ್ಲಿ ಹಾಕಿ, ಚಿಕ್ಕ ಹುಡುಗನೊಬ್ಬನಿಂದ ಎತ್ತಿಸುತ್ತಿದ್ದರು. ಕೊಡದೊಳಗಿನ ಓಲೆಗೆ ಅಭಿಮತವೇನು ಎಂದು ಯಾರೂ ಕೇಳುವಂತಿಲ್ಲ. ನಮ್ಮ ಪ್ರಶ್ನೆಯು ಅಲ್ಲಿ ಹುಟ್ಟುವುದೇ ಇಲ್ಲವಾದುದರಿಂದ, ಅದು ಸ್ಫುಟವಾಗಿ ಹುಟ್ಟಿದ ಸ್ಥಳಕ್ಕೇ ಹೋಗುವುದು ಯುಕ್ತ. ಅದು ಇಂಗ್ಲೆಂಡಿನ ಪಶ್ಚಿಮತೀರದ ರೇವುಪಟ್ಟಣವಾದ ಬ್ರಿಸ್ಟಲ್. ಕಾಲವು ೧೭೭೪ರಿಂದ ೧೭೮೦ರ ವರೆಗಿನ ಆರು ವರ್ಷಗಳು.

ಎಡ್ಮಂಡ್ ಬರ್ಕನ ಹೆಸರನ್ನು ಈ ಪತ್ರಿಕೆಯ ವಾಚಕರಿಗೆ ಪರಿಚಯಮಾಡಿಕೊಡಬೇಕಾಗಿಲ್ಲ. ಆತನ ಭಾಷಣಗಳನ್ನು ಗದ್ಯದ ಮಾದರಿಗಳೆಂದು ನಮ್ಮ ಅಧ್ಯಾಪಕರು ಬಹುಕಾಲ ಪಾಠ ಹೇಳುತ್ತ ಬಂದಿದ್ದಾರೆ. ೧೭೭೪ರಲ್ಲಿ ಬ್ರಿಸ್ಟಲ್ ಇಂಗ್ಲೆಂಡಿನ ಅತ್ಯಂತ ದೊಡ್ಡ ವ್ಯಾಪಾರಪಟ್ಟಣಗಳಲ್ಲಿ ಒಂದಾಗಿತ್ತು. ಮತದಾರರು ಸುಮಾರು ಐದು ಸಾವಿರ ಮಂದಿ, ಸ್ಥಾನಗಳು ಎರಡು. ಹಲವು ವಾರಗಳ ಕಾಲ ನಡೆದ ಮತದಾನದ ಕೊನೆಗೆ ಹೆನ್ರಿ ಕ್ರೂಗರನಿಗೆ ೩೫೬೫, ಬರ್ಕನಿಗೆ ೨೭೦೭, ಬ್ರಿಕ್‌ಡೇಲನಿಗೆ ೨೪೫೬ ಮತಗಳು ಬಂದು, ಮೊದಲಿನ ಇಬ್ಬರು ಆಯ್ಕೆಯಾದರು. ಕ್ರೂಗರನು ನ್ಯೂಯಾರ್ಕಿನಲ್ಲಿ ಹುಟ್ಟಿ ಬ್ರಿಸ್ಟಲಿನಲ್ಲಿ ನೆಲೆಸಿದ ವರ್ತಕ. ಬರ್ಕನು ಡಬ್ಲಿನ್ನಿನಲ್ಲಿ ಹುಟ್ಟಿದವನು.

ನವೆಂಬರ್ ೩ರಂದು ಗೆದ್ದವರು ಕೃತಜ್ಞತೆ ಹೇಳುವ ಸಂದರ್ಭದಲ್ಲಿ ಕ್ರೂಗರನು, ತನ್ನನ್ನು ಆರಿಸಿದವರ ಆದೇಶಕ್ಕೆ ತಾನು ಬದ್ಧನೆಂದು ಒಪ್ಪಿಕೊಂಡನು. ಬರ್ಕನು ಒಪ್ಪಲಿಲ್ಲ. ಪ್ರತಿನಿಧಿಯು ಮತದಾರರಿಗೆ ತನ್ನ ಶ್ರಮವನ್ನೂ ಸುಖವನ್ನೂ ಅರ್ಪಿಸಬಹುದು, ತನ್ನ ವಿವೇಚನೆಯನ್ನು ಅರ್ಪಿಸಲಾಗದು ಎಂಬುದು ಆತನ ವಾದದ ತಾತ್ಪರ್ಯ. ಆರು ವರ್ಷಗಳ ತರುವಾಯ, ೧೭೮೦ರ ಸೆಪ್ಟೆಂಬರಿನಲ್ಲಿ, ಮತ್ತೆ ಚುನಾವಣೆ ಬಂದಾಗ ಬರ್ಕನಿಗೆ ಬೆಂಬಲವಿಲ್ಲದಾಯಿತು. ಸೋಲು ನಿಶ್ಚಿತವೆಂದು ಕಂಡು ಆತನು ಕಣದಿಂದ ಹಿಂದೆಗೆದನು. ಇಲ್ಲಿಂದ ನಮ್ಮ ಪಠ್ಯಪುಸ್ತಕಗಳು ಒಂದು ನೀತಿಯನ್ನು ಎತ್ತುತ್ತವೆ: ಆದೇಶಕ್ಕೆ ತಲೆಬಾಗೆನೆಂದವನನ್ನು ಮತದಾರರು ತಿರಸ್ಕರಿಸಿದರು ಎಂದು.

ಈ ಸಿದ್ಧಾಂತವು ಕೇಳುವುದಕ್ಕೆ ಚೆನ್ನಾಗಿದೆ. ವ್ಯಭಿಚಾರದೋಷವೊಂದು ಮಾತ್ರ ಇದೆ. ತರ್ಕಶಾಸ್ತ್ರವನ್ನು ಸ್ವಲ್ಪ ಓದಿದವರಿಗೂ ಗೊತ್ತು, ಹೇತುವಿಲ್ಲದ ಕಡೆಯಲ್ಲಿಯೂ ಫಲವು ಕಂಡುಬಂದರೆ ಆ ಹೇತುವು ನಿಲ್ಲುವುದಿಲ್ಲ. ೧೭೮೦ರ ಅದೇ ಚುನಾವಣೆಯಲ್ಲಿ, ಆದೇಶಪಾಲಕನೆಂದು ಹೇಳಿಕೊಂಡಿದ್ದ ಕ್ರೂಗರನೂ ಸೋತನು! ಗೆದ್ದವರು ಹಿಂದೆ ಸೋತಿದ್ದ ಬ್ರಿಕ್‌ಡೇಲ್, ಮತ್ತು ಲಿಪ್ಪಿನ್‌ಕಾಟ್ ಎಂಬಾತ. ಒಪ್ಪಿದವನೂ ಹೋದನು, ಒಪ್ಪದವನೂ ಹೋದನು. ಆದುದರಿಂದ ಬ್ರಿಸ್ಟಲಿನ ಮತದಾರರು ಪ್ರಾತಿನಿಧ್ಯದ ತತ್ತ್ವವನ್ನು ತೂಗಿ ತೀರ್ಪುಕೊಟ್ಟರೆಂಬ ಮಾತು ನಿಲ್ಲಲಾರದು. ಅಮೆರಿಕದೊಡನೆ ಯುದ್ಧವು ನಡೆಯುತ್ತಿದ್ದ ಕಾಲವದು. ವಸಾಹತುಗಳ ಪರವೆಂದು ಹೆಸರಾದ ಇಬ್ಬರ ಮೇಲೆಯೂ ಅದರ ನೆರಳು ಬಿದ್ದಿರಬೇಕೆಂದು ನನ್ನ ಊಹೆ.

ಬರ್ಕನ ಮೇಲೆ ಬಂದ ಆರೋಪಗಳಾವುವು? ಸೆಪ್ಟೆಂಬರ್ ೬ರಂದು ಬ್ರಿಸ್ಟಲಿನ ಪುರಭವನದಲ್ಲಿ ಆತನು ಮಾಡಿದ ದೀರ್ಘ ಭಾಷಣದಲ್ಲಿ ಅವುಗಳನ್ನು ತಾನೇ ನಾಲ್ಕಾಗಿ ವಿಂಗಡಿಸಿ ಉತ್ತರಕೊಟ್ಟಿದ್ದಾನೆ. ಕ್ಷೇತ್ರಕ್ಕೆ ಬಂದುಹೋಗುವುದರಲ್ಲಿ ಉದಾಸೀನ, ಐರ್ಲೆಂಡಿನ ವ್ಯಾಪಾರದ ವಿಷಯ, ಸಾಲಗಾರರ ಸೆರೆವಾಸವನ್ನು ಸಡಿಲಿಸುವ ಮಸೂದೆ, ರೋಮನ್ ಕ್ಯಾಥೋಲಿಕರ ಮೇಲಿನ ನಿರ್ಬಂಧಗಳ ನಿವಾರಣೆ. ಮೊದಲನೆಯದು ಅಭಿಮತಕ್ಕೆ ಸಂಬಂಧಿಸಿದುದೇ ಅಲ್ಲ. ಆದರೂ ಅದನ್ನೇ ಮೊದಲು ಎತ್ತಬೇಕಾಯಿತೆಂಬುದನ್ನು ಗಮನಿಸಬೇಕು. ಕಣ್ಣಿಗೆ ಬೀಳದವನ ವಿಷಯದಲ್ಲಿ ಜನರು ಏನನ್ನಾದರೂ ನಂಬಬಲ್ಲರು.

ಐರ್ಲೆಂಡಿನ ವಿಷಯದಲ್ಲಿ ಮತದಾರರ ತಿಳಿವಳಿಕೆಯು ಸರಿಯಾಗಿಯೇ ಇತ್ತು. ೧೭೭೮ರಲ್ಲಿ ಐರ್ಲೆಂಡಿನ ವ್ಯಾಪಾರದ ಮೇಲಿದ್ದ ಕಟ್ಟುಗಳನ್ನು ಸಡಿಲಿಸಬೇಕೆಂಬ ಪ್ರಸ್ತಾವಗಳು ಬಂದಾಗ ಬ್ರಿಸ್ಟಲಿನ ವರ್ತಕರು ತಮಗೆ ನಷ್ಟವಾಗುವುದೆಂದು ಗಾಬರಿಗೊಂಡರು. ಬರ್ಕನು ಅವರಿಗೆ ಏಪ್ರಿಲ್ ೨೩ ಮತ್ತು ಮೇ ೨ರಂದು ಎರಡು ಪತ್ರಗಳನ್ನು ಬರೆದು, ತಾನು ಅವರ ಇಷ್ಟಕ್ಕೆ ವಿರೋಧವಾಗಿ ನಿಂತಿರುವುದನ್ನೂ ಅದರ ಕಾರಣಗಳನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿ, ಅವನ್ನು ಅಚ್ಚುಹಾಕಿಸಿದನು. ಪ್ರತಿನಿಧಿಯೊಬ್ಬನು ತನ್ನ ಪ್ರತಿಕೂಲವಾದ ಅಭಿಮತವನ್ನು ತಾನೇ ಲಿಖಿತವಾಗಿ ಮತದಾರರ ಕೈಗೆ ಕೊಟ್ಟ ಇಂಥ ದೃಷ್ಟಾಂತಗಳು ಬಹಳ ಇಲ್ಲ. ವಿಚಿತ್ರವೇನೆಂದರೆ, ಒಂದೆರಡು ವರ್ಷಗಳೊಳಗೆ ಲಾರ್ಡ್ ನಾರ್ತನ ಸರ್ಕಾರವು, ಐರ್ಲೆಂಡಿನ ಜನರು ಶಸ್ತ್ರಧಾರಿಗಳಾಗಿ ನಿಂತುದನ್ನು ಕಂಡು, ಅದಕ್ಕಿಂತ ಹೆಚ್ಚಿನದನ್ನೇ ಕೊಟ್ಟಿತು.

ಕ್ಯಾಥೋಲಿಕರ ವಿಷಯವೇ ನಮಗೆ ಮುಖ್ಯ. ಆ ಮಸೂದೆಯನ್ನು ೧೭೭೮ರಲ್ಲಿ ತಂದವನು ಸರ್ ಜಾರ್ಜ್ ಸ್ಯಾವಿಲ್, ಅನುಮೋದಿಸಿದವನು ಡನ್ನಿಂಗ್. ಬರ್ಕನು ಅದನ್ನು ಮಂಡಿಸಲೂ ಇಲ್ಲ, ಅನುಮೋದಿಸಲೂ ಇಲ್ಲ. ಆದರೆ ಮನಸ್ಸಿನಿಂದ ಅದರ ಪರವಾಗಿದ್ದನು, ಅದನ್ನು ಮರೆಮಾಡಲಿಲ್ಲ. ಅದು ಎರಡು ಸಭೆಗಳಲ್ಲಿಯೂ ಪರ-ವಿರೋಧಗಳ ಗಣನೆಯೇ ಇಲ್ಲದೆ ಅಂಗೀಕೃತವಾಯಿತು. ಎಂದರೆ ಆ ಅಪರಾಧವು, ಅಪರಾಧವೆಂದೇ ಇಟ್ಟುಕೊಂಡರೆ, ಸಭೆಯ ಸರ್ವರಿಗೂ ಸಮಾನವಾಗಿತ್ತು. ಆದರೂ ಅದರ ಭಾರವನ್ನು ಹೊತ್ತವನು ವಿಶೇಷವಾಗಿ ಬರ್ಕನೇ. ಏಕೆಂದರೆ ಆತನು ಐರಿಷ್ ದೇಶದವನು. ಆತನ ತಾಯಿ ಕ್ಯಾಥೋಲಿಕ್ ಮನೆತನದವಳು. ಆತನು ವಾಸ್ತವವಾಗಿ ಓದಿದ್ದು ಬ್ಯಾಲಿಟೋರಿನಲ್ಲಿ, ಕ್ವೇಕರ್ ಪಂಥದವರ ಶಾಲೆಯಲ್ಲಿ. ಜನರು ಆಡಿಕೊಂಡದ್ದು ಫ್ರಾನ್ಸಿನ ಸೇಂಟ್ ಓಮರಿನ ಜೆಸ್ಯುಯಿಟ್ ವಿದ್ಯಾಲಯದಲ್ಲಿ ಓದಿ ಗುಪ್ತವಾಗಿ ಆ ಮತಕ್ಕೆ ಸೇರಿದವನೆಂದು. ವ್ಯಂಗ್ಯಚಿತ್ರಕಾರರು ಮುಂದೆ ಆತನನ್ನು ಜೆಸ್ಯುಯಿಟರ ವೇಷದಲ್ಲಿಯೇ ಬರೆಯುತ್ತ ಬಂದರು. ೧೭೮೦ರ ಜೂನ್ ತಿಂಗಳಿನಲ್ಲಿ ಗಾರ್ಡನ್ ದಂಗೆಯೆಂದು ಹೆಸರಾದ ಕ್ಯಾಥೋಲಿಕ್ ವಿರೋಧಿ ಗಲಭೆಯು ಲಂಡನ್ ನಗರವನ್ನು ಸುಟ್ಟಿತು. ಮೂರು ತಿಂಗಳು ಕಳೆಯುವುದರೊಳಗೆ ಚುನಾವಣೆ. ಸಾದೃಶ್ಯದಿಂದ ಅಭಿಮತವನ್ನು ಊಹಿಸುವ ಮತದಾರನಿಗೆ ಇದಕ್ಕಿಂತ ಹೆಚ್ಚಿನ ಸಾಮಗ್ರಿ ಬೇಕೆ? ಬರ್ಕನು ಹಿಡಿದಿದ್ದ ಪಕ್ಷವು, ಪರಮತದವರಿಗೂ ನ್ಯಾಯ ಸಲ್ಲಬೇಕೆಂಬುದು. ಜನರು ಕಂಡದ್ದು, ಆತನೇ ಪರಮತದವನೆಂಬುದು. ಇವೆರಡಕ್ಕೂ ಇರುವ ಅಂತರವನ್ನು ಆ ಗದ್ದಲದಲ್ಲಿ ಯಾರು ವಿವೇಚಿಸುತ್ತಾರೆ?

ಬ್ರಿಸ್ಟಲಿನವರಿಗೆ ನ್ಯಾಯವಾಗಿ ಒಂದು ಮಾತನ್ನು ಹೇಳಬೇಕು. ಪ್ರತಿನಿಧಿಯ ನಡತೆಯನ್ನು ತಿಳಿಯುವ ಸಾಧನಗಳೇ ಅವರಿಗೆ ಇರಲಿಲ್ಲ. ಸಭೆಯ ಚರ್ಚೆಗಳನ್ನು ಅಚ್ಚುಮಾಡುವುದು ಸಭೆಯ ಹಕ್ಕಿಗೆ ಭಂಗವೆಂದು ಕಾಮನ್ಸ್ ಸಭೆಯು ೧೭೩೮ರಲ್ಲಿ ನಿರ್ಣಯಿಸಿತ್ತು. ಆದುದರಿಂದಲೇ ಡಾಕ್ಟರ್ ಜಾನ್ಸನ್ನನು ೧೭೪೧ರಿಂದ ೧೭೪೪ರ ವರೆಗೆ ಪಾರ್ಲಿಮೆಂಟಿನ ಚರ್ಚೆಗಳನ್ನು ಲಿಲಿಪುಟ್ ದೇಶದ ಚರ್ಚೆಗಳೆಂಬ ಹೆಸರಿನಲ್ಲಿ, ಬಹುಭಾಗ ತನ್ನ ಕಲ್ಪನೆಯಿಂದಲೇ, ಬರೆಯಬೇಕಾಯಿತು. ಸಾಹಿತ್ಯವನ್ನು ಬೋಧಿಸುವವರು ಈ ಸಂಗತಿಯನ್ನು ಸವಿಯಬಲ್ಲರು: ಒಂದು ದೇಶದ ಜನರು ತಮ್ಮ ಪ್ರತಿನಿಧಿಗಳ ಮಾತೆಂದು ಓದಿಕೊಂಡದ್ದು ಒಬ್ಬ ಬಡ ಬರಹಗಾರನ ಗದ್ಯವನ್ನು. ೧೭೭೧ರಲ್ಲಿ ಮುದ್ರಕರನ್ನು ಹಿಡಿಯಲು ಸಭೆಯು ಹೊರಟಾಗ ಲಂಡನ್ನಿನ ಮೇಯರನೇ ಅಡ್ಡಬಂದು ಸೆರೆಮನೆಯನ್ನು ಕಂಡನು. ಆದರೆ ಆಮೇಲೆ ವರದಿಗಳನ್ನು ತಡೆಯುವ ಉತ್ಸಾಹವು ಸಭೆಗೆ ಉಳಿಯಲಿಲ್ಲ. ಆ ಮಾರ್ಚಿ ತಿಂಗಳಲ್ಲಿ ಒಂದು ರಾತ್ರಿ ಇಪ್ಪತ್ತಮೂರು ಸಾರಿ ಗಣನೆ ಮಾಡಿಸಿ ಸಭೆಯ ಕ್ರಮಕ್ಕೆ ತಡೆಯೊಡ್ಡಿದ ಸಣ್ಣ ಗುಂಪಿನಲ್ಲಿ ಬರ್ಕನೂ ಇದ್ದನು. ಅದಕ್ಕೆ ಹಿಂದಿನ ವರ್ಷವೇ, ಅಂದಿನ ಅಸಂತೋಷಗಳ ಕಾರಣವನ್ನು ಕುರಿತ ತನ್ನ ಗ್ರಂಥದಲ್ಲಿ, ಮುಖ್ಯ ವಿಷಯಗಳಲ್ಲಿ ಯಾರು ಯಾವ ಕಡೆಗೆ ಮತವಿತ್ತರೆಂಬ ಪಟ್ಟಿಗಳನ್ನು ಜನರು ಆಗಾಗ ತರಿಸಿಕೊಂಡು ನೋಡಬೇಕೆಂದು ಬರೆದಿದ್ದನು. ಆದೇಶವನ್ನು ಒಪ್ಪದವನು ಪರೀಕ್ಷೆಗೆ ಹೆದರಿದವನಲ್ಲ. ಈ ಎರಡನ್ನೂ ಒಂದೆಂದು ಭಾವಿಸುವುದರಿಂದಲೇ ಆತನ ವಿಷಯದಲ್ಲಿ ಬಹಳ ತಪ್ಪುಗ್ರಹಿಕೆಯಾಗಿದೆ.

ಆದರೆ ಆತನು ಬಯಸಿದ ಪಟ್ಟಿಗಳನ್ನು ಸಭೆಯೇ ಪ್ರಕಟಿಸಲಾರಂಭಿಸಿದ್ದು ೧೮೩೬ರಲ್ಲಿ, ಎಂದರೆ ಆತನು ತೀರಿಕೊಂಡು ಮೂವತ್ತೊಂಬತ್ತು ವರ್ಷಗಳಾದ ಮೇಲೆ. ಅಲ್ಲಿಯ ತನಕ ಪ್ರತಿನಿಧಿಯ ಮತವು ಸಭೆಯ ಗೋಡೆಗಳೊಳಗೇ ಉಳಿಯಬಹುದಾಗಿತ್ತು; ಖಾಸಗಿಯಾಗಿ ಸಂಗ್ರಹಿಸಿದ ಪಟ್ಟಿಗಳು ಹೊರಬಂದರೆ ಬಂದಂತೆ. ಇನ್ನು ಮತದಾರನ ಸ್ಥಿತಿಯನ್ನು ನೋಡಿರಿ. ಅವನು ಬಹಿರಂಗವಾಗಿ ಎಲ್ಲರೆದುರು ತನ್ನ ಮತವನ್ನು ಹೇಳಬೇಕು. ಅದನ್ನು ಗುಮಾಸ್ತನು ಪುಸ್ತಕದಲ್ಲಿ ಬರೆದುಕೊಳ್ಳುವನು. ಅನೇಕ ಕಡೆ ಆ ಪುಸ್ತಕವು ಅಚ್ಚಾಗಿ ಮಾರಾಟವಾಗುವುದು. ೧೭೭೪ರಲ್ಲಿ ಬ್ರಿಸ್ಟಲಿನ ಯಾವ ಮತದಾರನು ಯಾರಿಗೆ ಮತ ಕೊಟ್ಟನೆಂಬುದನ್ನು ಇಂದಿಗೂ ಓದಬಹುದು. ಜಮೀನುದಾರನು ತನ್ನ ಒಕ್ಕಲಿನ ಅಭಿಮತವನ್ನು, ವರ್ತಕನು ತನ್ನ ಸಾಲಗಾರನ ಅಭಿಮತವನ್ನು, ಅಕ್ಷರಶಃ ಬಲ್ಲವನಾಗಿದ್ದನು. ಅದೇ ಒಕ್ಕಲಿಗನಿಗೆ ತನ್ನ ಪ್ರತಿನಿಧಿಯ ಮತವು ಗುಟ್ಟಾಗಿತ್ತು. ೧೮೭೨ರಲ್ಲಿ ಗುಪ್ತಮತದಾನದ ಶಾಸನವು ಬಂದು ಈ ಕ್ರಮವು ಪೂರ್ತಿಯಾಗಿ ತಲೆಕೆಳಗಾಯಿತು: ಆರಿಸುವವನ ಮತವು ಮುಚ್ಚಿತು, ಆರಿಸಲ್ಪಟ್ಟವನ ಮತವು ಆಗಲೇ ತೆರೆದಿತ್ತು. ಈ ಎರಡು ಇಸವಿಗಳ ನಡುವಣ ಮೂವತ್ತಾರು ವರ್ಷಗಳು ಪ್ರಾತಿನಿಧ್ಯದ ಇತಿಹಾಸದಲ್ಲಿ ದೊಡ್ಡ ಯುದ್ಧಗಳಿಗಿಂತ ಹೆಚ್ಚಿನವೆಂದು ನನಗೆ ತೋರುತ್ತದೆ.

ಬಾಗಿಲು ತೆರೆದ ಮಾತ್ರಕ್ಕೆ ಒಳಗಿನದು ಕಾಣಿಸಿತೆ? ಇದಕ್ಕೆ ಉತ್ತರವನ್ನು ಹುಡುಕುವುದಕ್ಕೆ ಈಗ ನಮ್ಮ ನಾಡಿಗೆ ಬರೋಣ. ಮೈಸೂರಿನ ಪ್ರಜಾಪ್ರತಿನಿಧಿ ಸಭೆಯು ೧೮೮೧ರ ಅಕ್ಟೋಬರ್ ೭ರಂದು, ದಸರಾ ಉತ್ಸವದ ಕಾಲದಲ್ಲಿ, ೧೪೪ ಮಂದಿ ಸದಸ್ಯರೊಡನೆ ಮೊದಲು ಸೇರಿತು. ಅವರು ಜನರಿಂದ ಆಯ್ಕೆಯಾದವರಲ್ಲ. ಚುನಾವಣೆಯ ಪದ್ಧತಿ ಬಂದದ್ದು ೧೮೯೧ರಲ್ಲಿ, ಶೇಷಾದ್ರಿ ಅಯ್ಯರವರ ಆಡಳಿತದಲ್ಲಿ. ಅದೂ ಭೂಕಂದಾಯ ಮೊದಲಾದ ಅರ್ಹತೆಯುಳ್ಳ ಕೆಲವೇ ಮಂದಿಗೆ. ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ಸರ್ಕಾರದ ವಾರ್ಷಿಕ ವೃತ್ತಾಂತವನ್ನು ದಿವಾನರು ಓದುವರು. ಸದಸ್ಯರು ತಮ್ಮ ಸೀಮೆಯ ಅಹವಾಲುಗಳನ್ನು ಅರಿಕೆಮಾಡುವರು. ಕೆರೆಯ ಏರಿ, ರಸ್ತೆ, ಕಾಡಿನ ನಿರ್ಬಂಧ, ಕಂದಾಯದ ಕಂತು, ಇವು ವಿಷಯಗಳು. ೧೯೨೩ರ ಶಾಸನದಿಂದ ಸಭೆಗೆ ನಿಯತವಾದ ಹಕ್ಕುಗಳು ಬಂದುವು. ೧೯೪೯ರಲ್ಲಿ ಅದು ಮುಗಿಯಿತು. ಈ ಅರುವತ್ತೆಂಟು ವರ್ಷಗಳ ಬಹುಭಾಗದಲ್ಲಿ ಪ್ರತಿನಿಧಿಯೆಂದರೆ ಪ್ರಜೆಗಳ ಮನಸ್ಸಿನಲ್ಲಿ ಅಹವಾಲನ್ನು ಹೊತ್ತುಕೊಂಡು ಹೋಗುವವನು. ಅವನಿಗೆ ಒಂದು ಅಭಿಮತವುಂಟು, ಅದು ತಮ್ಮ ಅಭಿಮತಕ್ಕೆ ಬೇರೆಯಾಗಿರಬಹುದು ಎಂಬ ಭಾವನೆಗೆ ಅಲ್ಲಿ ಅವಕಾಶವು ಅಲ್ಪ. ಏರಿ ದುರಸ್ತಿಯಾಯಿತೆ ಇಲ್ಲವೆ ಎಂಬುದೇ ಪರೀಕ್ಷೆ. ಆ ಪರೀಕ್ಷೆಯನ್ನು ಹೀನವೆಂದು ನಾನು ಹೇಳುವುದಿಲ್ಲ. ಏರಿಯು ಕಣ್ಣಿಗೆ ಕಾಣುತ್ತದೆ, ಅಭಿಮತವು ಕಾಣುವುದಿಲ್ಲ.

ಕೆಲವು ವರ್ಷಗಳ ಹಿಂದೆ ಹಳ್ಳಿಯೊಂದರಲ್ಲಿ ಪುರಾಣಪ್ರವಚನಕ್ಕೆ ಹೋಗಿದ್ದಾಗ, ಜಗಲಿಯ ಮೇಲೆ ಕುಳಿತಿದ್ದ ವೃದ್ಧ ರೈತರೊಬ್ಬರನ್ನು, ಆಗ ಬಹಳ ಚರ್ಚೆಯಲ್ಲಿದ್ದ ಒಂದು ಭೂವಿಷಯದಲ್ಲಿ ಅವರ ಶಾಸಕರ ಅಭಿಪ್ರಾಯವೇನೆಂದು ಕೇಳಿದೆ. “ನಮ್ಮ ಮಾತೇ ಅವರ ಮಾತು ಸ್ವಾಮಿ, ನಮ್ಮೋರಲ್ಲವೆ?” ಎಂದರು. ಆ ಶಾಸಕರ ಪಕ್ಷವು ರೈತರ ಮಾತಿಗೆ ನೇರವಾಗಿ ವಿರುದ್ಧವಾದ ನಿರ್ಣಯವನ್ನು ಆಗಲೇ ಮಾಡಿತ್ತು. ನಾನು ಅದನ್ನು ಹೇಳಿದಾಗ ಅವರು ನಕ್ಕು, “ಅದು ಪಕ್ಷದ್ದು, ಅವರ ಮನಸ್ಸಿನಲ್ಲಿ ಹಾಗಿರೋದಿಲ್ಲ” ಎಂದರು. ದ್ರವ್ಯವು ನೀವಾರ, ಮಂತ್ರವು ವ್ರೀಹಿ. ನಾನು ಮುಂದೆ ಮಾತನಾಡಲಿಲ್ಲ. ಅವರ ಮನಸ್ಸಿನಲ್ಲಿ ಏನಿತ್ತೆಂದು ನನಗೆ ತಾನೆ ಏನು ಗೊತ್ತು?

ಇದು ಅಕ್ಷರ ಬಾರದವರ ದೋಷವೆಂದು ಭಾವಿಸುವುದು ಅನುಚಿತ. ಅಮೆರಿಕದ ಮಿಲ್ಲರ್ ಮತ್ತು ಸ್ಟೋಕ್ಸ್ ಎಂಬ ವಿದ್ವಾಂಸರು ೧೯೫೮ರ ಚುನಾವಣೆಯ ಮತದಾರರನ್ನು ವಿಚಾರಿಸಿ ೧೯೬೩ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಸ್ಪರ್ಧೆಯಿದ್ದ ಕ್ಷೇತ್ರಗಳಲ್ಲಿ ಮತ ಕೊಟ್ಟವರಲ್ಲಿಯೇ ಅರ್ಧಕ್ಕೆ ಸಮೀಪವಾದ ಮಂದಿ, ಇಬ್ಬರು ಅಭ್ಯರ್ಥಿಗಳ ಪೈಕಿ ಯಾರ ವಿಷಯವಾಗಿಯೂ ಏನನ್ನೂ ಓದಿಲ್ಲ, ಕೇಳಿಲ್ಲ ಎಂದು ಒಪ್ಪಿಕೊಂಡರೆಂದು ತಿಳಿಸಿದ್ದಾರೆ. ಪ್ರತಿನಿಧಿಗಳ ಪ್ರತಿಯೊಂದು ಮುಖ್ಯ ಮತವೂ ಪ್ರಕಟವಾಗುವ, ಓದುಬರಹ ಬಲ್ಲವರ ದೇಶದಲ್ಲಿ ಇದು.

ನಮ್ಮ ಸಂಸತ್ತಿನಲ್ಲಿ ಈ ಪ್ರಶ್ನೆಗೆ ಇನ್ನೊಂದು ತೊಡಕು ಸೇರಿದೆ. ಅಲ್ಲಿ ಬಹಳಷ್ಟು ವಿಷಯಗಳು ಧ್ವನಿಮತದಿಂದ ತೀರ್ಮಾನವಾಗುತ್ತವೆ. ಯಾರಾದರೂ ಆಕ್ಷೇಪಿಸಿ ಕೇಳಿದಾಗ ಮಾತ್ರ ಗಣನೆ. ಸ್ಯಾವಿಲನ ಮಸೂದೆಯಂತೆ ಹೆಸರಿಲ್ಲದೆ ಹಾದುಹೋದವುಗಳೇ ಹೆಚ್ಚು. ೧೯೮೫ರಲ್ಲಿ ಸಂವಿಧಾನದ ಐವತ್ತೆರಡನೆಯ ತಿದ್ದುಪಡಿಯಿಂದ ಹತ್ತನೆಯ ಅನುಸೂಚಿಯು ಬಂದಿತು. ಅದರ ಪ್ರಕಾರ ತನ್ನ ಪಕ್ಷದ ನಿರ್ದೇಶಕ್ಕೆ ವಿರುದ್ಧವಾಗಿ, ಮುಂಚಿತವಾಗಿ ಅನುಮತಿಯಿಲ್ಲದೆ, ಮತ ಕೊಟ್ಟವನನ್ನು ಪಕ್ಷವು ಹದಿನೈದು ದಿನಗಳೊಳಗೆ ಮನ್ನಿಸದಿದ್ದರೆ ಅವನು ಸ್ಥಾನಕ್ಕೆ ಅನರ್ಹನಾಗುತ್ತಾನೆ. ಪಕ್ಷಾಂತರದ ರೋಗವು ಎಷ್ಟು ಉಲ್ಬಣವಾಗಿತ್ತೆಂಬುದನ್ನು ಬಲ್ಲವರು ಈ ಔಷಧವನ್ನು ಸುಲಭವಾಗಿ ಹಳಿಯಲಾರರು. ಆದರೆ ಫಲವನ್ನು ನೋಡಬೇಕು. ಗಣನೆ ನಡೆದು ಪಟ್ಟಿ ಪ್ರಕಟವಾದರೂ ಅದರಲ್ಲಿ ಕಾಣುವುದು ಪಕ್ಷದ ನಿರ್ದೇಶವೇ ಹೊರತು ಪ್ರತಿನಿಧಿಯ ವಿವೇಚನೆಯಲ್ಲ. ಬರ್ಕನು ಕೊಡಲಾರೆನೆಂದದ್ದನ್ನು ಇಲ್ಲಿ ಶಾಸನವೇ ತೆಗೆದುಕೊಂಡಿದೆ, ತೆಗೆದುಕೊಂಡವರು ಮಾತ್ರ ಮತದಾರರಲ್ಲ. ಮೀಮಾಂಸಕರಲ್ಲಿ ಇದಕ್ಕೆ ಸಮೀಪವಾದ ಒಂದು ವಿಚಾರವಿದೆ. ಪ್ರತಿನಿಧಿಯಾಗಿ ತಂದ ನೀವಾರವೂ ನಷ್ಟವಾದರೆ, ಆಗ ಹುಡುಕಬೇಕಾದದ್ದು ನೀವಾರವನ್ನು ಹೋಲುವುದನ್ನಲ್ಲ, ಮತ್ತೆ ವ್ರೀಹಿಯನ್ನು ಹೋಲುವುದನ್ನು. ಪ್ರತಿನಿಧಿಗೆ ಪ್ರತಿನಿಧಿಯಿಲ್ಲ.

೨೦೦೩ರಲ್ಲಿ ಆದ ಇನ್ನೊಂದು ತಿದ್ದುಪಡಿಯನ್ನೂ ಇಲ್ಲಿ ಗಮನಿಸಬೇಕು. ರಾಜ್ಯಸಭೆಯ ಚುನಾವಣೆಯಲ್ಲಿ ಮತದಾರರು ವಿಧಾನಸಭೆಯ ಸದಸ್ಯರು. ಅವರ ಮತಪತ್ರವು ಹಿಂದೆ ಗುಪ್ತವಾಗಿತ್ತು. ಆ ವರ್ಷದಿಂದ ಬಹಿರಂಗವಾಯಿತು. ಸರ್ವೋಚ್ಚ ನ್ಯಾಯಾಲಯವು ೨೦೦೬ರಲ್ಲಿ ಅದನ್ನು ಎತ್ತಿಹಿಡಿಯಿತು. ಈಗ ಪಕ್ಷಕ್ಕೆ ಸೇರಿದ ಸದಸ್ಯನು ತಾನು ಗುರುತುಹಾಕಿದ ಚೀಟಿಯನ್ನು ಪೆಟ್ಟಿಗೆಗೆ ಹಾಕುವುದಕ್ಕೆ ಮೊದಲು ತೆರೆದು ತೋರಿಸುತ್ತಾನೆ. ಅದನ್ನು ನೋಡುವ ಅಧಿಕಾರವಿರುವುದು ಅಲ್ಲಿ ಕುಳಿತಿರುವ ಅವನ ಪಕ್ಷದ ಏಜೆಂಟನಿಗೆ.